ಬೆಟ್ಟ ಹತ್ತಿಸಿದ ಶಕ್ತಿ ಇಳಿಯುವಾಗ ಎಲ್ಲಿಗೆ ಹೋಯಿತು? ಎಲೆಕ್ಟ್ರಿಕ್ ಸೈಕಲ್ಲಿನ ಬಿಡಿಭಾಗಗಳ ಆಯ್ಕೆ: ಒಂದು ಅಭ್ಯಾಸ ಪಾಠದ ಅನುಭವ

ಹಿನ್ನೆಲೆ

ಬಿ.ಇಡಿ. ಎರಡನೆಯ ವರ್ಷದ ಇಂಟರ್ನ್‌ಶಿಪ್‌ನಲ್ಲಿ ಮೈಸೂರು ನಗರದ ಒಂದು ಸರ್ಕಾರಿ ಪ್ರೌಢಶಾಲೆಯ 9ನೇ ತರಗತಿಗೆ ‘ಕೆಲಸ ಮತ್ತು ಶಕ್ತಿ’ ಘಟಕವನ್ನು ಬೋಧಿಸುವ ಅವಕಾಶ ನನಗೆ ಸಿಕ್ಕಿತು. ತರಗತಿಯಲ್ಲಿ 38 ಮಕ್ಕಳು. ಘಟಕದ ವ್ಯಾಖ್ಯೆಗಳು ಮತ್ತು ಸೂತ್ರಗಳು ಮುಗಿದಿದ್ದವು. ಸೂತ್ರ ಹೇಳು ಎಂದರೆ ಮಕ್ಕಳು ಹೇಳುತ್ತಿದ್ದರು, ಲೆಕ್ಕ ಕೊಟ್ಟರೆ ಮಾಡುತ್ತಿದ್ದರು. ಆದರೆ ಬಲ, ಶಕ್ತಿ, ಸಾಮರ್ಥ್ಯ ಈ ಮೂರೂ ಅವರ ಮಾತಿನಲ್ಲಿ ಒಂದೇ ಆಗಿದ್ದವು. ಮೂರಕ್ಕೂ ಸೇರಿಸಿ ಅವರ ಬಳಿ ಒಂದೇ ಪದವಿತ್ತು: ‘ಪಿಕಪ್’.

ಘಟಕದ ಕೊನೆಗೆ ಉಳಿದ ಎರಡು ಅವಧಿಗಳನ್ನು ಅನ್ವಯ ಪಾಠಕ್ಕೆ ಇಟ್ಟುಕೊಂಡೆ. ನಾನು ದಿನವೂ ಶಾಲೆಗೆ ಬರುತ್ತಿದ್ದುದು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ ಒಂದು ಎಲೆಕ್ಟ್ರಿಕ್ ಗೇರ್ ಸೈಕಲ್‌ನಲ್ಲಿ. ದಪ್ಪ ಟೈರು, ಮುಂದೆ ಸಸ್ಪೆನ್ಷನ್, ಎರಡೂ ಚಕ್ರಕ್ಕೆ ಕೇಬಲ್ಲಿನ ಡಿಸ್ಕ್ ಬ್ರೇಕ್, ಹಿಂಚಕ್ರದ ಹಬ್‌ನಲ್ಲಿ 250 ವ್ಯಾಟ್ ಮೋಟಾರ್, 36 ವೋಲ್ಟ್ 10 ಆಂಪಿಯರ್ ಅವರ್ ಬ್ಯಾಟರಿ. ಬೆಳಿಗ್ಗೆ ಸ್ಟ್ಯಾಂಡ್ ಹಾಕುವಷ್ಟರಲ್ಲಿ ಅದರ ಸುತ್ತ ಮಕ್ಕಳು ಸೇರಿಬಿಡುತ್ತಿದ್ದರು. 2017ರಿಂದ ಊರಿನಲ್ಲಿ ಓಡಿದ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್‌ಗಳನ್ನು ಅವರು ಕಂಡಿದ್ದರು. 2006-07ರಲ್ಲಿ ಆರಂಭವಾದ ಯೋಜನೆಯಲ್ಲಿ 8ನೇ ತರಗತಿಯವರಿಗೆ ಸರ್ಕಾರ ಕೊಟ್ಟ ಸೈಕಲ್‌ಗಳು ಕೆಲವರ ಮನೆಯಲ್ಲಿ, ಅಕ್ಕನದೋ ಅಣ್ಣನದೋ, ಇನ್ನೂ ಓಡುತ್ತಿದ್ದವು. ಮೋಟಾರಿರುವ ಸೈಕಲ್ಲನ್ನು ಮಾತ್ರ ಹತ್ತಿರದಿಂದ ಮುಟ್ಟಿ ನೋಡಿರಲಿಲ್ಲ. ಕೈಗೆ ಸಿಕ್ಕ ಇಂಥ ಪಾಠೋಪಕರಣವನ್ನು ಬಿಡಬಾರದು ಎನಿಸಿತು.

ಪಾಠಕ್ಕೆ ಆರಿಸಿಕೊಂಡ ಸಮಸ್ಯೆ ಇದು: ‘ಈ ಸೈಕಲ್ಲಿನಲ್ಲಿ ಚಾಮುಂಡಿ ಬೆಟ್ಟಕ್ಕೆ ಹೋಗಿ ಬರಬೇಕು. ಕೈಯಲ್ಲಿ 5,000 ರೂಪಾಯಿ ಇದೆ. ಯಾವ ಭಾಗವನ್ನು ಬದಲಾಯಿಸುತ್ತೀರಿ? ಏಕೆ?’

ಪಾಠ ಯೋಜನೆ ಮತ್ತು ಅದರಲ್ಲಿದ್ದ ದೋಷ

5ಇ ಮಾದರಿಯಲ್ಲಿ ಯೋಜನೆ ಬರೆದೆ. ಮಕ್ಕಳೇ ಸೈಕಲ್ ಅಂಗಡಿಗಳಲ್ಲಿ ಕೇಳಿಕೊಂಡು ಬಂದ ಬೆಲೆಗಳನ್ನು ಬಳಸಿ ಏಳು ಕಾರ್ಡುಗಳನ್ನು ತಯಾರಿಸಿದೆವು.

1. ಹೆಚ್ಚು ಕರೆಂಟ್ ಕೊಡುವ ಕಂಟ್ರೋಲರ್: ₹2,500
2. ಇನ್ನೊಂದು ಬ್ಯಾಟರಿ: ₹9,000
3. 34 ಹಲ್ಲಿನ ದೊಡ್ಡ ಗೇರ್ ಇರುವ ಫ್ರೀವೀಲ್ ಮತ್ತು ಹೊಸ ಚೈನ್: ₹1,600
4. ಎರಡೂ ಚಕ್ರಕ್ಕೆ ಹೈಡ್ರಾಲಿಕ್ ಬ್ರೇಕ್: ₹4,500
5. ಹೊಸ ಬ್ರೇಕ್ ಪ್ಯಾಡ್, ಕೇಬಲ್, ಮುಂದಕ್ಕೆ 180 ಮಿ.ಮೀ. ಡಿಸ್ಕ್: ₹1,400
6. ಎರಡು ಹೊಸ ಟೈರ್: ₹1,800
7. ಮುಂದಿನ ಸಸ್ಪೆನ್ಷನ್ ಫೋರ್ಕ್: ₹4,000

ಯೋಜನೆಯ ‘ನಿರೀಕ್ಷಿತ ಉತ್ತರ’ ಕಲಂನಲ್ಲಿ ಹೀಗೆ ಬರೆದಿದ್ದೆ: ‘ಬೆಟ್ಟ ಹತ್ತಲು ಹೆಚ್ಚು ಶಕ್ತಿ ಬೇಕು. ಆದ್ದರಿಂದ ದೊಡ್ಡ ಬ್ಯಾಟರಿಗೆ ಹಣ ಕೂಡಿಸುವುದು ಸೂಕ್ತ.’ ಹೀಗೆ ಬರೆಯಲು ಕಾರಣವೂ ಇತ್ತು. ಪಾಠಕ್ಕೆ ಮೂರು ವಾರ ಮೊದಲು ನಾನೇ ಹಾಗೆ ಮಾಡಿದ್ದೆ. ಹಳೆಯ ಬ್ಯಾಟರಿಯ ಜೊತೆಗೆ ಇನ್ನೊಂದನ್ನು ಕೊಂಡು ಬ್ಯಾಗಿನಲ್ಲಿಟ್ಟುಕೊಂಡು ಬೆಟ್ಟ ಹತ್ತಿದ್ದೆ. ಇಳಿಯುವಾಗ ಒಂದು ತಿರುವಿನ ಮುಂಚೆ ಮುಂದಿನ ಬ್ರೇಕ್ ಲಿವರ್ ಹ್ಯಾಂಡಲ್ಲಿಗೆ ತಾಗುವವರೆಗೂ ಬಂದಿತು. ಹಿಂದಿನದು ಸಾಕಾಗಲಿಲ್ಲ. ರಸ್ತೆ ಬದಿಯ ಜಲ್ಲಿ ಮಣ್ಣಿಗೆ ಸೈಕಲ್ ನುಗ್ಗಿಸಿ ಬಿದ್ದೆ. ಮೊಣಕೈ ತರಚಿತು, ಅಷ್ಟಕ್ಕೇ ಮುಗಿಯಿತು. ಪ್ಯಾಡ್ ಸವೆದು ಹಾಳೆಯಷ್ಟಾಗಿತ್ತು. ಅದನ್ನು ನೋಡಿಕೊಳ್ಳದೇ ಇದ್ದವನು ನಾನೇ. ಆದರೂ ಅದು ‘ರಿಪೇರಿ’ಯ ವಿಷಯ, ಪಾಠದ ವಿಷಯವಲ್ಲ ಎಂದೇ ನನ್ನ ಮನಸ್ಸಿನಲ್ಲಿತ್ತು. ಮೊಣಕೈಗೆ ಬ್ಯಾಂಡೇಜ್ ಇದ್ದಾಗಲೇ ಈ ಪಾಠ ಯೋಜನೆಯನ್ನು ಬರೆದಿದ್ದೇನೆ. ಅದರಲ್ಲಿ ‘ಬ್ರೇಕ್’ ಎಂಬ ಪದ ಕಾರ್ಡುಗಳನ್ನು ಬಿಟ್ಟು ಬೇರೆಲ್ಲೂ ಇಲ್ಲ.

ಮೊದಲ ಅವಧಿ

ಆರು ಗುಂಪುಗಳಿಗೆ ಕಾರ್ಡುಗಳನ್ನು ಕೊಟ್ಟು, ಮೊದಲು ಲೆಕ್ಕವಿಲ್ಲದೆ ಆರಿಸಲು ಹೇಳಿದೆ. ನಾಲ್ಕು ಗುಂಪುಗಳು ಕಂಟ್ರೋಲರ್ ಎಂದವು. ‘ಪಿಕಪ್ ಜಾಸ್ತಿ ಬರುತ್ತೆ ಸರ್.’ ಒಂದು ಗುಂಪು ಸಸ್ಪೆನ್ಷನ್, ಇನ್ನೊಂದು ಗುಂಪು ಸಾಲ ಮಾಡಿಯಾದರೂ ಬ್ಯಾಟರಿ ಎಂದಿತು. ಬ್ರೇಕಿನ ಎರಡು ಕಾರ್ಡುಗಳನ್ನು ಯಾರೂ ಎತ್ತಲಿಲ್ಲ.

ಅನಂತರ ಕಪ್ಪುಹಲಗೆಯಲ್ಲಿ ಲೆಕ್ಕ ಶುರುಮಾಡಿದೆವು. ಮೈಸೂರು ನಗರ ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ, ಬೆಟ್ಟದ ತುದಿ 1,000 ಮೀಟರನ್ನು ದಾಟುತ್ತದೆ. ಲೆಕ್ಕದ ಅನುಕೂಲಕ್ಕೆ ಏರಿಕೆ 250 ಮೀಟರ್, ಏರುದಾರಿ 5 ಕಿಲೋಮೀಟರ್ ಎಂದು ಇಟ್ಟುಕೊಂಡೆವು. ನನ್ನ ತೂಕ 60 ಕೆ.ಜಿ., ಸೈಕಲ್ 25 ಕೆ.ಜಿ., ಒಟ್ಟು ದ್ರವ್ಯರಾಶಿ 85 ಕೆ.ಜಿ.

ಪ್ರಚ್ಛನ್ನ ಶಕ್ತಿ = 85 × 9.8 × 250 = 2,08,250 ಜೂಲ್.

ಒಂದು ವ್ಯಾಟ್ ಅವರ್ ಎಂದರೆ 3,600 ಜೂಲ್. ಹಾಗಾಗಿ ಇದು ಸುಮಾರು 58 ವ್ಯಾಟ್ ಅವರ್. ಬ್ಯಾಟರಿಯಲ್ಲಿರುವುದು 36 × 10 = 360 ವ್ಯಾಟ್ ಅವರ್.

ಇಲ್ಲಿಗೆ ಬಂದಾಗ ಮೊದಲ ಪ್ರಶ್ನೆ ಬಂತು. ಲೆಕ್ಕದಲ್ಲಿ ಚುರುಕಾದ ಒಬ್ಬ ಹುಡುಗ ಎದ್ದು ನಿಂತ. ‘ಸರ್, 360ನ್ನ 58ರಿಂದ ಭಾಗಿಸಿದರೆ ಆರು ಬರುತ್ತೆ. ಆರು ಸಲ ಬೆಟ್ಟ ಹತ್ತಬಹುದು. ಮತ್ಯಾಕೆ ಇನ್ನೊಂದು ಬ್ಯಾಟರಿ?’

ನನ್ನ ‘ನಿರೀಕ್ಷಿತ ಉತ್ತರ’ ಅಲ್ಲಿಗೆ ಬಿದ್ದುಹೋಯಿತು. ‘ಘರ್ಷಣೆ ಇರುತ್ತದೆ, ಗಾಳಿಯ ತಡೆ ಇರುತ್ತದೆ, ಮೋಟಾರು ಬ್ಯಾಟರಿಯಿಂದ ಪಡೆದದ್ದನ್ನೆಲ್ಲ ಚಕ್ರಕ್ಕೆ ಕೊಡುವುದಿಲ್ಲ’ ಎಂದು ಹೇಳಿದೆ. ತಪ್ಪಲ್ಲ. ಆದರೆ ಅವು ಎಷ್ಟು ಎಂಬ ಅಂದಾಜು ನನ್ನ ಬಳಿ ಇರಲಿಲ್ಲ. ಹುಡುಗ ಕುಳಿತ, ಒಪ್ಪಿ ಕುಳಿತದ್ದಲ್ಲ.

ಎರಡನೆಯ ಪ್ರಶ್ನೆ ಹಿಂದಿನ ಬೆಂಚಿನಿಂದ. ಅವಳು ಹೆಚ್ಚು ಮಾತನಾಡುವವಳಲ್ಲ. ‘ಸರ್, ಹತ್ತುವಾಗ ಎರಡು ಲಕ್ಷ ಜೂಲ್ ಸೈಕಲ್ಲಿಗೆ ಬಂತು ಅಂದ್ರಿ. ಇಳಿದು ಕೆಳಗೆ ಬಂದು ನಿಂತರೆ ಅದು ಎಲ್ಲಿಗೆ ಹೋಯ್ತು?’

ಗಂಟೆ ಬಾರಿಸಲು ಎರಡು ನಿಮಿಷವಿತ್ತು. ನಾನು ಹೇಳಿದ್ದು: ‘ಇಳಿಯುವಾಗ ಅದು ಕಳೆದುಹೋಗುತ್ತಮ್ಮ.’

ಹಿಂದೆ ಕುಳಿತು ವೀಕ್ಷಿಸುತ್ತಿದ್ದ ನಮ್ಮ ಮಾರ್ಗದರ್ಶಕ ಮೇಡಂ ವೀಕ್ಷಣಾ ಪುಸ್ತಕದಲ್ಲಿ ಎರಡೇ ವಾಕ್ಯ ಬರೆದಿದ್ದರು. ‘ಶಕ್ತಿ ಸಂರಕ್ಷಣಾ ನಿಯಮವನ್ನು ಕಳೆದ ವಾರ ನೀವೇ ಕಲಿಸಿದ್ದೀರಿ. ಹಾಗಾದರೆ ಕಳೆದುಹೋಯಿತು ಎಂದರೇನು?’

ಆ ಸಂಜೆ ಪುಸ್ತಕ ಹಿಡಿದು ಕುಳಿತಾಗ ಮೊಣಕೈಯ ಗಾಯ ಮತ್ತು ಆ ಹುಡುಗಿಯ ಪ್ರಶ್ನೆ ಎರಡೂ ಒಂದೇ ವಿಷಯ ಎಂಬುದು ಹೊಳೆಯಿತು. ನಾನು ಇಡೀ ಪಾಠವನ್ನು ಹತ್ತುವ ದಾರಿಯಲ್ಲಿ ಮಾತ್ರ ಕಟ್ಟಿದ್ದೆ. ಶೀರ್ಷಿಕೆಯಲ್ಲಿ ‘ಹೋಗಿ ಬರಬೇಕು’ ಎಂದು ಬರೆದಿದ್ದವನಿಗೆ ಬರುವುದು ನೆನಪಿರಲಿಲ್ಲ.

ಎರಡನೆಯ ಅವಧಿ: ಅಳತೆಯಿಂದ ಆರಂಭ

ಎರಡನೆಯ ಅವಧಿಯನ್ನು ಹೊಸದಾಗಿ ಯೋಜಿಸಿದೆ. ‘ನಿರೀಕ್ಷಿತ ಉತ್ತರ’ ಕಲಂ ಖಾಲಿ ಬಿಟ್ಟೆ. ಶಾಲೆಯ ವಿಜ್ಞಾನ ಶಿಕ್ಷಕರು ಮುಂದಿನ ಅವಧಿಯನ್ನೂ ಬಿಟ್ಟುಕೊಟ್ಟಿದ್ದರಿಂದ ಎಂಬತ್ತು ನಿಮಿಷ ಸಿಕ್ಕಿತು. ಮೊದಲಿಗೆ ಮಕ್ಕಳ ಮುಂದೆ ಎರಡು ಮಾತು ಹೇಳಿದೆ. ಒಂದು, ‘ನಿನ್ನೆ ನಾನು ಕಳೆದುಹೋಗುತ್ತದೆ ಎಂದದ್ದು ತಪ್ಪು.’ ಎರಡು, ಬ್ಯಾಂಡೇಜಿನ ಕಥೆ. ತರಗತಿ ಇಷ್ಟು ಗಮನವಿಟ್ಟು ನನ್ನ ಮಾತು ಕೇಳಿದ್ದು ಅದೇ ಮೊದಲು.

ಮೊದಲ ಚಟುವಟಿಕೆ ಹುಡುಗನ ಪ್ರಶ್ನೆಗೆ. ಶಾಲೆಯ ಸಿಮೆಂಟು ಹಜಾರದಲ್ಲಿ ನಾನು ಸೈಕಲ್ ಮೇಲೆ ಕುಳಿತೆ. ಎರಡೂ ಬದಿಯಲ್ಲಿ ಮಕ್ಕಳು ಬೀಳದಂತೆ ಹಿಡಿದರು. ಪ್ರಯೋಗಾಲಯದ ಸ್ಪ್ರಿಂಗ್ ತ್ರಾಸನ್ನು ಮುಂದಕ್ಕೆ ಕಟ್ಟಿ ಒಬ್ಬಳು ಸಮನಾಗಿ ಎಳೆದಳು. ಗಾಳಿ ಇಳಿದ ಟೈರಿನಲ್ಲಿ ಸುಮಾರು 15 ನ್ಯೂಟನ್ ತೋರಿಸಿತು. ಪಂಪಿನಿಂದ ಟೈರಿನ ಬದಿಯಲ್ಲಿ ಬರೆದಿರುವ ಒತ್ತಡಕ್ಕೆ ಗಾಳಿ ತುಂಬಿಸಿ ಎಳೆದಾಗ ಸುಮಾರು 9. ಮಕ್ಕಳು ಲೆಕ್ಕ ಮಾಡಿದರು.

ಗಾಳಿ ಕಡಿಮೆ ಇದ್ದಾಗ 5 ಕಿ.ಮೀ.ಗೆ: 15 × 5,000 = 75,000 ಜೂಲ್, ಸುಮಾರು 21 ವ್ಯಾಟ್ ಅವರ್.
ಗಾಳಿ ಸರಿಯಿದ್ದಾಗ: 9 × 5,000 = 45,000 ಜೂಲ್, 12.5 ವ್ಯಾಟ್ ಅವರ್.

ಒಂದು ರೂಪಾಯಿ ಖರ್ಚಿಲ್ಲದೆ ಎಂಟು ವ್ಯಾಟ್ ಅವರ್‌ಗೂ ಹೆಚ್ಚು ಉಳಿಯಿತು. 58ಕ್ಕೆ 12.5 ಕೂಡಿಸಿದರೆ ಸುಮಾರು 70. ಬ್ಯಾಟರಿಯಿಂದ ಚಕ್ರಕ್ಕೆ ತಲುಪುವುದು ನೂರಕ್ಕೆ ಎಪ್ಪತ್ತು ಎಂದು ಇಟ್ಟುಕೊಂಡರೂ ಪೆಡಲ್ ತುಳಿಯದೆ ಒಂದು ಸಲ ಹತ್ತಲು ಸುಮಾರು 100 ವ್ಯಾಟ್ ಅವರ್ ಸಾಕು. ಬ್ಯಾಟರಿ ಹಳೆಯದಾಗಿ ಅರ್ಧ ಸಾಮರ್ಥ್ಯಕ್ಕೆ ಇಳಿದಿದ್ದರೂ ಒಂದು ಸಲ ಹೋಗಿ ಬರಬಹುದು. ಹುಡುಗನ ಅನುಮಾನವೇ ಸರಿ. ನಾನು ಬ್ಯಾಗಿನಲ್ಲಿ ಹೊತ್ತಿದ್ದ ಎರಡನೆಯ ಬ್ಯಾಟರಿ ಆ ದಿನ ಬರೀ ತೂಕವಾಗಿತ್ತು.

‘ಪಿಕಪ್’ ಎಂಬ ಪದವನ್ನು ಬಿಡಿಸಿದ್ದು

ಕಂಟ್ರೋಲರ್ ಕಾರ್ಡಿನ ನಾಲ್ಕು ಗುಂಪುಗಳಿಗೆ ಪ್ರಶ್ನೆ ಹಾಕಿದೆ: ‘ಪಿಕಪ್ ಅಂದರೆ ಬಲವೋ, ಶಕ್ತಿಯೋ, ಸಾಮರ್ಥ್ಯವೋ?’ ಚರ್ಚೆ ಜೋರಾಯಿತು. ಏರಿನಲ್ಲಿ ಸೈಕಲ್ಲನ್ನು ತಳ್ಳುವುದು ಬಲ. ಇಡೀ ದಾರಿಗೆ ಎಷ್ಟು ಬೇಕು ಎಂಬುದು ಶಕ್ತಿ. ಅದನ್ನು ಎಷ್ಟು ಬೇಗ ಕೊಡುತ್ತದೆ ಎಂಬುದು ಸಾಮರ್ಥ್ಯ. ಕೊನೆಗೆ ಒಬ್ಬ ಹೇಳಿದ: ‘ಬ್ಯಾಟರಿ ಅಂದ್ರೆ ಟ್ಯಾಂಕು ಸರ್, ಮೋಟಾರ್ ಅಂದ್ರೆ ನಲ್ಲಿ.’ ಅದನ್ನೇ ಹಲಗೆಯ ಮೇಲೆ ಬರೆದೆ.

ಗಂಟೆಗೆ 15 ಕಿ.ಮೀ. ವೇಗದಲ್ಲಿ 5 ಕಿ.ಮೀ. ಹತ್ತಲು 20 ನಿಮಿಷ, ಅಂದರೆ 1,200 ಸೆಕೆಂಡ್. 2,08,250ನ್ನು 1,200ರಿಂದ ಭಾಗಿಸಿದರೆ ಸುಮಾರು 174 ವ್ಯಾಟ್. ಟೈರಿನ ತಡೆಗೆ 37 ವ್ಯಾಟ್ ಕೂಡಿಸಿದರೆ 211. ಗಾಳಿಗೆ ಇನ್ನೊಂದಿಷ್ಟು. ಸವಾರ ಆರಾಮವಾಗಿ ತುಳಿದರೂ 70–80 ವ್ಯಾಟ್ ಕೊಡಬಲ್ಲ. ಹಾಗಾದರೆ 250 ವ್ಯಾಟಿನ ಮೋಟಾರ್ ಸಾಲದೇ? ಸಾಲುತ್ತದೆ ಎಂದು ಮಕ್ಕಳೇ ಹೇಳಿದರು.

‘ಆದರೂ ಕಡಿದಾದ ಕಡೆ ಸೈಕಲ್ ಮುಕ್ಕರಿಯುತ್ತಲ್ಲ ಸರ್?’ ಎಂದು ಒಬ್ಬ ಬಿಡಲಿಲ್ಲ. ಇಲ್ಲಿ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ ಗೇರುಗಳನ್ನು ತೋರಿಸಿದೆ. ಹಬ್ ಮೋಟಾರ್ ಹಿಂಚಕ್ರವನ್ನೇ ನೇರವಾಗಿ ತಿರುಗಿಸುತ್ತದೆ. ನಾವು ಗೇರ್ ಬದಲಾಯಿಸಿದರೆ ಅನುಕೂಲ ನಮ್ಮ ಕಾಲಿಗೆ ಮಾತ್ರ, ಮೋಟಾರಿಗೆ ಅಲ್ಲ. ಚಕ್ರ ತೀರಾ ನಿಧಾನವಾದಾಗ ಮೋಟಾರು ಪಡೆದ ವಿದ್ಯುತ್ತಿನಲ್ಲಿ ಹೆಚ್ಚಿನ ಪಾಲನ್ನು ಬಿಸಿಯಾಗಿ ಬಿಡುತ್ತದೆ. ಆಗ ಕಾಲು ನೆರವಾಗಬೇಕು. ಪೆಡಲಿನ ಬಳಿ ಮೋಟಾರಿರುವ ಸೈಕಲ್‌ಗಳೂ ಇವೆ; ಅವುಗಳಲ್ಲಿ ಮೋಟಾರಿನ ಬಲವೂ ಚೈನಿನ ಮೂಲಕ ಹೋಗುವುದರಿಂದ ಗೇರಿನ ಲಾಭ ಮೋಟಾರಿಗೂ ಸಿಗುತ್ತದೆ, ಆದರೆ ಚೈನ್ ಮತ್ತು ಫ್ರೀವೀಲ್ ಬೇಗ ಸವೆಯುತ್ತವೆ. ನಮ್ಮ ಸೈಕಲ್ಲಿಗೆ ಅದು ಆಯ್ಕೆಯಲ್ಲ. ಇರುವ ದೊಡ್ಡ ಗೇರ್ 28 ಹಲ್ಲು. ಅದರ ಬದಲು 34 ಹಲ್ಲಿನದು ಹಾಕಿದರೆ ಅಷ್ಟೇ ತುಳಿತಕ್ಕೆ ಚಕ್ರದ ಮೇಲೆ 34/28, ಅಂದರೆ ನೂರಕ್ಕೆ 21ರಷ್ಟು ಹೆಚ್ಚು ಬಲ. ‘ಪಿಕಪ್ ಫ್ರೀವೀಲ್‌ನಲ್ಲೂ ಇದೆ’ ಎಂಬುದು ಮಕ್ಕಳ ತೀರ್ಮಾನ.

ಕಂಟ್ರೋಲರ್ ವಿಷಯದಲ್ಲಿ ಎರಡು ಅಂಶಗಳನ್ನು ನಾನೇ ಸೇರಿಸಬೇಕಾಯಿತು. ಒಂದು, 10 ಆಂಪಿಯರ್ ಬದಲು 15 ಆಂಪಿಯರ್ ಹರಿಸಿದರೆ ಸುರುಳಿಯಲ್ಲಿ ಹುಟ್ಟುವ ಉಷ್ಣ ಒಂದೂವರೆ ಪಟ್ಟಲ್ಲ, ಒಂದೂವರೆಯ ವರ್ಗ, ಅಂದರೆ 2.25 ಪಟ್ಟು. ಇದರ ನಿಯಮ 10ನೇ ತರಗತಿಯಲ್ಲಿ ಬರುತ್ತದೆ ಎಂದಷ್ಟೇ ಹೇಳಿದೆ. ಇನ್ನೊಂದು, ಕಾನೂನು. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ಪ್ರಕಾರ ಸಹಾಯಕ ಮೋಟಾರಿರುವ ಪೆಡಲ್ ಸೈಕಲ್ ಮೋಟಾರು ವಾಹನವೆಂದು ಎಣಿಕೆಯಾಗದಿರಲು ಮೋಟಾರಿನ ಮೂವತ್ತು ನಿಮಿಷದ ಸಾಮರ್ಥ್ಯ 0.25 ಕಿಲೋವ್ಯಾಟ್‌ಗಿಂತ ಕಡಿಮೆ ಇರಬೇಕು. ವೇಗ ಗಂಟೆಗೆ 25 ಕಿ.ಮೀ. ಮುಟ್ಟುವಷ್ಟರಲ್ಲಿ, ಅಥವಾ ತುಳಿಯುವುದನ್ನು ನಿಲ್ಲಿಸಿದಾಗ, ಮೋಟಾರಿನ ನೆರವು ಕಡಿದುಹೋಗಬೇಕು. ಸೂಕ್ತ ಬ್ರೇಕ್, ಮುಂದೆ ಬಿಳಿ ಮತ್ತು ಹಿಂದೆ ಕೆಂಪು ಪ್ರತಿಫಲಕ ಇರಬೇಕು. ಈ ಮಿತಿ ದಾಟಿದರೆ ಅದು ಸೈಕಲ್ ಆಗಿ ಉಳಿಯುವುದಿಲ್ಲ. ನೋಂದಣಿ, ವಿಮೆ, ಲೈಸೆನ್ಸ್ ಎಲ್ಲ ಬರುತ್ತದೆ. ‘ಹಾಗಾದ್ರೆ ಮಿತಿಯೊಳಗಿದ್ರೆ ನಾವೂ ಓಡಿಸಬಹುದಾ ಸರ್?’ ಎಂದು ಒಟ್ಟಿಗೆ ಹತ್ತು ದನಿ ಕೇಳಿದವು. ‘ಲೈಸೆನ್ಸ್ ಕೇಳುವುದಿಲ್ಲ. ಆದರೆ ನಿಲ್ಲಿಸಲು ಬರುತ್ತದೆಯೇ ಎಂದು ರಸ್ತೆ ಕೇಳುತ್ತದೆ’ ಎಂದೆ. ಅಲ್ಲಿಂದ ಬ್ರೇಕಿಗೆ ಬಂದೆವು.

ಇಳಿಯುವ ದಾರಿ

ಹಿಂದಿನ ಬೆಂಚಿನ ಹುಡುಗಿಯನ್ನು ಪ್ರಶ್ನೆಯನ್ನು ಮತ್ತೊಮ್ಮೆ ಹೇಳಲು ಕೇಳಿದೆ. ಅವಳು ಹೇಳಿದಳು, ಅನಂತರ ತಾನೇ ಸೇರಿಸಿದಳು: ‘ನಮ್ಮಪ್ಪ ಆಟೋ ಓಡಿಸ್ತಾರೆ. ಬೆಟ್ಟ ಇಳಿಯುವಾಗ ಎರಡನೇ ಗೇರಿಗೆ ಹಾಕ್ತಾರೆ. ಬ್ರೇಕ್ ಹಿಡ್ಕೊಂಡೇ ಇಳಿದರೆ ಕಾದುಹೋಗುತ್ತೆ ಅಂತಾರೆ.’

ಉತ್ತರ ಅವಳ ಮನೆಯಲ್ಲೇ ಇತ್ತು. ಇನ್ನು ಅದಕ್ಕೆ ಅಂಕಿ ಹಾಕುವುದಷ್ಟೇ ನಮ್ಮ ಕೆಲಸ. ಹತ್ತುವಾಗ ಬಂದ 2,08,250 ಜೂಲ್ ಇಳಿದು ನಿಲ್ಲುವಷ್ಟರಲ್ಲಿ ಪೂರ್ತಿ ಬೇರೆ ರೂಪಕ್ಕೆ ಹೋಗಲೇಬೇಕು. ಟೈರಿನ ಪಾಲು 45,000 ಜೂಲ್. ಗಾಳಿ ಒಂದು ಪಾಲು ತೆಗೆದುಕೊಳ್ಳುತ್ತದೆ. ಉಳಿದದ್ದೆಲ್ಲ ಬ್ರೇಕಿಗೆ, ಅಲ್ಲಿ ಉಷ್ಣವಾಗಿ. ನಿಧಾನವಾಗಿ ಇಳಿದಷ್ಟೂ ಗಾಳಿಯ ಪಾಲು ಕಡಿಮೆ, ಬ್ರೇಕಿನ ಪಾಲು ಹೆಚ್ಚು ಎಂಬುದು ಮಕ್ಕಳಿಗೆ ಆಶ್ಚರ್ಯ ತಂದಿತು. ಹಾಗೆಂದು ವೇಗವಾಗಿ ಇಳಿಯಿರಿ ಎಂದಲ್ಲ. ಮುಂದೆ ತಿರುವು ಬಂದಾಗ ಆ ವೇಗವನ್ನೂ ಬ್ರೇಕೇ ನುಂಗಬೇಕು ಎಂದು ತಕ್ಷಣ ಸೇರಿಸಿದೆ.

ಎರಡು ಲಕ್ಷ ಜೂಲ್ ಎಂದರೆ ಎಷ್ಟು? 25 ಡಿಗ್ರಿಯ ಸುಮಾರು 650 ಮಿಲಿಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು. ಐದಾರು ಲೋಟ ಚಹಾದ ನೀರು. ಅದರಲ್ಲಿ ಅರ್ಧ ಮಾತ್ರ ಬ್ರೇಕಿಗೆ ಬಂತು ಎನ್ನೋಣ. ಎರಡೂ ಡಿಸ್ಕ್ ಸೇರಿ ಕಾಲು ಕೆ.ಜಿ. ಉಕ್ಕು ಎನ್ನೋಣ. ಒಂದು ಕೆ.ಜಿ. ಉಕ್ಕನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 460 ಜೂಲ್ ಬೇಕು ಎಂಬ ಸಂಖ್ಯೆಯನ್ನು ನಾನು ಕೊಟ್ಟೆ. ಬಿಸಿ ಸ್ವಲ್ಪವೂ ಹೊರಗೆ ಹೋಗದಿದ್ದರೆ ಡಿಸ್ಕ್ 900 ಡಿಗ್ರಿಯಷ್ಟು ಏರಬೇಕಿತ್ತು! ಹಾಗಾಗದಿರುವುದು ಡಿಸ್ಕಿನ ಮೇಲೆ ಗಾಳಿ ಹರಿಯುವುದರಿಂದ. ಡಿಸ್ಕ್ ತೆಳುವಾಗಿ, ಹೊರಗೆ, ರಂಧ್ರಗಳೊಂದಿಗೆ ಏಕಿದೆ ಎಂಬುದು ಆಗ ಮಕ್ಕಳಿಗೆ ಅರ್ಥವಾಯಿತು. ಬ್ರೇಕನ್ನು ಸದಾ ಮೆಲ್ಲಗೆ ಒತ್ತಿಕೊಂಡೇ ಇಳಿಯುವ ಬದಲು ತಿರುವಿಗೆ ಮುಂಚೆ ಗಟ್ಟಿಯಾಗಿ ಹಿಡಿದು, ಅನಂತರ ಬಿಟ್ಟು ಆರಲು ಅವಕಾಶ ಕೊಡಬೇಕು ಎಂಬುದೂ ಅದರಿಂದಲೇ ಹೊರಟಿತು.

‘ಸರ್, ಆಟೋ ಹಂಗೆ ಮೋಟಾರನ್ನೇ ಬ್ರೇಕ್ ಮಾಡಕ್ಕಾಗಲ್ವಾ?’ ಒಳ್ಳೆಯ ಪ್ರಶ್ನೆ. ನನ್ನ ಸೈಕಲ್ಲಿನ ಹಬ್ ಮೋಟಾರಿನ ಒಳಗೆ ಸಣ್ಣ ಗೇರುಗಳಿವೆ, ಫ್ರೀವೀಲ್‌ನಂತೆಯೇ ಒಂದೇ ದಿಕ್ಕಿಗೆ ಹಿಡಿಯುವ ಕ್ಲಚ್ ಇದೆ. ಚಕ್ರ ಮುಂದೆ ಓಡುವಾಗ ಮೋಟಾರ್ ಸುಮ್ಮನಿರುತ್ತದೆ. ಗೇರಿಲ್ಲದ, ನೇರವಾಗಿ ತಿರುಗಿಸುವ ಕೆಲವು ಮೋಟಾರುಗಳಲ್ಲಿ ಸ್ವಲ್ಪ ಶಕ್ತಿಯನ್ನು ಬ್ಯಾಟರಿಗೆ ಮರಳಿಸಲು ಸಾಧ್ಯ. ನಮ್ಮದರಲ್ಲಿ ಎಲ್ಲ ಭಾರವೂ ಆ ಎರಡು ಡಿಸ್ಕ್, ನಾಲ್ಕು ಪ್ಯಾಡ್‌ಗಳ ಮೇಲೆಯೇ.

ತೀರ್ಮಾನ

ಕಾರ್ಡುಗಳನ್ನು ಮತ್ತೆ ಹಂಚಿದೆ. ಈಗ ಎಲ್ಲ ಗುಂಪುಗಳೂ ಮೊದಲು ಎತ್ತಿದ್ದು ಬ್ರೇಕ್. ಹೈಡ್ರಾಲಿಕ್ಕೋ, ಪ್ಯಾಡ್ ಮತ್ತು ದೊಡ್ಡ ಡಿಸ್ಕೋ ಎಂಬಲ್ಲಿ ಎರಡು ಪಂಗಡವಾಯಿತು. ಪರಿಚಯದ ಸೈಕಲ್ ಅಂಗಡಿಯ ಮೆಕ್ಯಾನಿಕ್ ಅಣ್ಣನನ್ನು ಬಿಡುವು ಮಾಡಿಕೊಂಡು ಬರಲು ಕೇಳಿಕೊಂಡಿದ್ದೆ. ಅವರು ಲಿವರಿನಿಂದ ಹೊರಟ ಒಂದು ಸಣ್ಣ ವೈರನ್ನು ತೋರಿಸಿದರು. ‘ಬ್ರೇಕ್ ಹಿಡಿದ ತಕ್ಷಣ ಮೋಟಾರ್ ಆಫ್ ಮಾಡೋದು ಇದೇ. ಈ ವೈರಿಲ್ಲದ ಬ್ರೇಕ್ ಸೆಟ್ ಹಾಕಿದ್ರೆ ನೀವು ನಿಲ್ಲಿಸ್ತಿರ್ತೀರಿ, ಮೋಟಾರ್ ತಳ್ತಿರುತ್ತೆ.’ ಮಕ್ಕಳು ಬೆಲೆ ಕೇಳಿ ಬಂದಿದ್ದ ಹೈಡ್ರಾಲಿಕ್ ಸೆಟ್ಟಿನಲ್ಲಿ ಆ ವೈರ್ ಇರಲಿಲ್ಲ. ಚರ್ಚೆ ಅಲ್ಲಿಗೆ ಮುಗಿಯಿತು. ಹಾಗೆಯೇ 180 ಮಿ.ಮೀ. ಡಿಸ್ಕಿಗೆ ಅಡಾಪ್ಟರ್ ಬೇಕು, ಅದನ್ನು ಫೋರ್ಕ್ ಒಪ್ಪಬೇಕು. 34 ಹಲ್ಲಿನ ಫ್ರೀವೀಲ್ ಅನ್ನು ಹಿಂದಿನ ಡಿರೇಲರ್ ಮುಟ್ಟಬೇಕು, ಚೈನ್ ಎರಡು ಕೊಂಡಿ ಉದ್ದ ಬೇಕಾಗಬಹುದು ಎಂದು ಪರೀಕ್ಷಿಸಿ ಹೇಳಿದರು. ಒಂದು ಭಾಗ ಎಷ್ಟೇ ಒಳ್ಳೆಯದಿದ್ದರೂ ಪಕ್ಕದ ಭಾಗದೊಂದಿಗೆ ಕೂಡಬೇಕು ಎಂಬ ಪಾಠವನ್ನು ಅವರಷ್ಟು ಚೆನ್ನಾಗಿ ನಾನು ಹೇಳಲಾರೆ.

ಡಿಸ್ಕ್ 160ರಿಂದ 180 ಮಿ.ಮೀ. ಆದರೆ ತ್ರಿಜ್ಯ ಎಂಟರಲ್ಲಿ ಒಂದು ಪಾಲು ಹೆಚ್ಚುತ್ತದೆ. ಅಷ್ಟೇ ಹಿಡಿತಕ್ಕೆ ಚಕ್ರವನ್ನು ನಿಲ್ಲಿಸುವ ಪರಿಣಾಮವೂ ನೂರಕ್ಕೆ 12.5ರಷ್ಟು ಹೆಚ್ಚು. ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗ ಭಾರ ಮುಂದಕ್ಕೆ ಬರುವುದರಿಂದ ಅದನ್ನು ಮುಂದಕ್ಕೇ ಹಾಕಬೇಕು ಎಂದು ಒಂದು ಗುಂಪು ವಾದಿಸಿತು.

ಕೊನೆಯ ಆಯ್ಕೆ: ಪ್ಯಾಡ್, ಕೇಬಲ್ ಮತ್ತು ಮುಂದಿನ ಡಿಸ್ಕ್ ₹1,400, ಫ್ರೀವೀಲ್ ಮತ್ತು ಚೈನ್ ₹1,600, ಟೈರ್ ₹1,800. ಒಟ್ಟು ₹4,800. ಉಳಿದ ₹200ರಲ್ಲಿ ಏನು ಎಂದು ಕೇಳಿದೆ. ‘ಮುಂದೆ ಬಿಳಿ, ಹಿಂದೆ ಕೆಂಪು ರಿಫ್ಲೆಕ್ಟರ್ ಸರ್. ನಿಮ್ಮ ಸೈಕಲ್ಲಿಗೆ ಹಿಂದಿನದು ಒಡೆದುಹೋಗಿದೆ.’ ನಾನು ದಿನವೂ ನೋಡುವ ಸೈಕಲ್, ನಾನು ಗಮನಿಸಿರಲಿಲ್ಲ.

ಮೌಲ್ಯಮಾಪನ

ಅವಧಿಯ ಕೊನೆಗೆ ಚೀಟಿಯಲ್ಲಿ ಒಂದೇ ಪ್ರಶ್ನೆಗೆ ಉತ್ತರ ಬರೆಸಿದೆ: ‘ಬೆಟ್ಟದಿಂದ ಇಳಿದು ನಿಂತ ಸೈಕಲ್ಲಿನ ಪ್ರಚ್ಛನ್ನ ಶಕ್ತಿ ಏನಾಯಿತು?’ ಹೆಚ್ಚಿನವರು ಉಷ್ಣ ಎಂಬುದನ್ನು ತಲುಪಿದ್ದರು. ಕೆಲವರು ಟೈರು, ಗಾಳಿ, ಬ್ರೇಕ್ ಎಂದು ಪಾಲು ಹಾಕಿದ್ದರು. ಒಂಬತ್ತು ಮಕ್ಕಳು ಮಾತ್ರ ‘ಖಾಲಿಯಾಯಿತು’ ಅಥವಾ ‘ಹೋಯಿತು’ ಎಂದೇ ಬರೆದಿದ್ದರು. ಎಂಬತ್ತು ನಿಮಿಷದ ನಂತರವೂ. ಆ ಪದ ಮೊದಲ ದಿನ ನನ್ನ ಬಾಯಿಂದಲೇ ಬಂದದ್ದು. ಮನೆಯಲ್ಲಿ ಕರೆಂಟು ಹೋಗುತ್ತದೆ, ಚಾರ್ಜು ಖಾಲಿಯಾಗುತ್ತದೆ, ಮೈಯಲ್ಲಿ ಶಕ್ತಿ ಇಲ್ಲವಾಗುತ್ತದೆ. ಆಡುಮಾತು ಹೀಗಿರುವಾಗ ಶಿಕ್ಷಕನೂ ಅದನ್ನೇ ಹೇಳಿದರೆ ನಿಯಮವನ್ನು ಯಾರು ನಂಬುತ್ತಾರೆ? ಈ ಒಂಬತ್ತು ಮಕ್ಕಳೊಂದಿಗೆ ಮರುದಿನ ಬಿಡುವಿನಲ್ಲಿ ಚಕ್ರವನ್ನು ಎತ್ತಿ ತಿರುಗಿಸಿ, ಬ್ರೇಕ್ ಹಿಡಿದು, ಹಲವು ಸಲ ಹೀಗೆ ಮಾಡಿ ಡಿಸ್ಕಿನ ಹತ್ತಿರ ಕೈ ಹಿಡಿದು ನೋಡಿದೆವು. ಡಿಸ್ಕನ್ನು ಮುಟ್ಟಬಾರದು ಎಂಬ ಎಚ್ಚರಿಕೆಯನ್ನು ಮೊದಲೇ ಕೊಟ್ಟಿದ್ದೆ. ‘ಬೆಚ್ಚಗಿದೆ ಸರ್’ ಎಂದ ಮೇಲೆ ಏಳು ಮಂದಿ ತಮ್ಮ ಚೀಟಿಯನ್ನು ತಾವೇ ತಿದ್ದಿದರು. ಇಬ್ಬರು ತಿದ್ದಲಿಲ್ಲ, ಅವರೊಂದಿಗೆ ಕುಳಿತುಕೊಳ್ಳುವಷ್ಟರಲ್ಲಿ ನನ್ನ ಇಂಟರ್ನ್‌ಶಿಪ್ ಮುಗಿಯಿತು. ಅವರ ಹೆಸರನ್ನು ಶಾಲೆಯ ಶಿಕ್ಷಕರಿಗೆ ಬರೆದು ಕೊಟ್ಟು ಬಂದೆ.

ಸಹ ಪ್ರಶಿಕ್ಷಣಾರ್ಥಿಗಳಿಗೆ ಕೆಲವು ಸಲಹೆಗಳು

ಆಯ್ಕೆಯ ಸಮಸ್ಯೆಯನ್ನು ಪಾಠಕ್ಕೆ ತಂದಾಗ ಉತ್ತರವನ್ನು ಯೋಜನೆಯಲ್ಲಿ ಬರೆದಿಟ್ಟುಕೊಳ್ಳಬೇಡಿ. ಬೇಕಾದರೆ ಮಾನದಂಡಗಳನ್ನು ಬರೆದುಕೊಳ್ಳಿ: ಎಷ್ಟು ಶಕ್ತಿ ಬೇಕು, ಎಷ್ಟು ಸಾಮರ್ಥ್ಯ ಬೇಕು, ಅದು ಕೊನೆಗೆ ಎಲ್ಲಿಗೆ ಹೋಗುತ್ತದೆ, ಬೇರೆ ಭಾಗಗಳೊಂದಿಗೆ ಹೊಂದುತ್ತದೆಯೇ, ಕಾನೂನಿನ ಮಿತಿಯಲ್ಲಿದೆಯೇ, ಹಣ ಸಾಲುತ್ತದೆಯೇ.

ಅಳತೆ ಮೊದಲು, ಸೂತ್ರ ಆಮೇಲೆ. ಸ್ಪ್ರಿಂಗ್ ತ್ರಾಸು ತೋರಿಸಿದ 15 ಮತ್ತು 9 ಎಂಬ ಎರಡು ಸಂಖ್ಯೆಗಳು ನನ್ನ ಇಡೀ ವಿವರಣೆಗಿಂತ ಹೆಚ್ಚು ಕೆಲಸ ಮಾಡಿದವು. ಎಲೆಕ್ಟ್ರಿಕ್ ಸೈಕಲ್ ಇಲ್ಲದಿದ್ದರೂ ಈ ಚಟುವಟಿಕೆಯನ್ನು ಮಕ್ಕಳ ಮನೆಯ ಸಾಮಾನ್ಯ ಸೈಕಲ್ಲಿನಲ್ಲೇ ಮಾಡಬಹುದು.

ಮಕ್ಕಳ ಪದಗಳನ್ನು ತಳ್ಳಿಹಾಕಬೇಡಿ. ‘ಪಿಕಪ್’ ಅನ್ನು ಬಿಡಿಸಿದಾಗ ಮೂರು ಪರಿಕಲ್ಪನೆಗಳು ಸಿಕ್ಕವು. ಅಪ್ಪನ ಆಟೋದ ಎರಡನೇ ಗೇರಿನಲ್ಲಿ ಶಕ್ತಿ ಸಂರಕ್ಷಣೆ ಇತ್ತು.

ತಪ್ಪು ಹೇಳಿದ್ದರೆ ಮರುದಿನ ಮೊದಲ ವಾಕ್ಯದಲ್ಲೇ ತಿದ್ದಿಕೊಳ್ಳಿ. ತರಗತಿಯ ಗೌರವ ಕಡಿಮೆಯಾಗುವುದಿಲ್ಲ.

ಈ ಪಾಠವನ್ನು ಮತ್ತೊಮ್ಮೆ ಮಾಡುವ ಅವಕಾಶ ಬಂದರೆ ಇಳಿಜಾರಿನಿಂದಲೇ ಶುರುಮಾಡುತ್ತೇನೆ. ಮಕ್ಕಳು ಆರಿಸಿದ ಭಾಗಗಳನ್ನೇ ಸೈಕಲ್ಲಿಗೆ ಹಾಕಿಸಿದ್ದೇನೆ. ರಿಫ್ಲೆಕ್ಟರ್‌ಗಳನ್ನು ಮಾತ್ರ ಅಂಗಡಿಗೆ ಬಿಡದೆ ಅವರೇ ಸ್ಕ್ರೂ ಬಿಗಿದು ಕೂರಿಸಿದರು. ಎರಡನೆಯ ಬ್ಯಾಟರಿ ಮನೆಯಲ್ಲಿದೆ. ಬೆಟ್ಟಕ್ಕೆ ಹೋಗುವಾಗ ಅದನ್ನು ಈಗ ಒಯ್ಯುವುದಿಲ್ಲ. ಹೊರಡುವ ಮುಂಚೆ ಪ್ಯಾಡ್ ಎಷ್ಟು ಉಳಿದಿದೆ ಎಂದು ಬಗ್ಗಿ ನೋಡುತ್ತೇನೆ.